ನಿಜದ ಜನ, ಕಟ್ಟಿದ ಕಥೆ: ಸಾಕ್ಷ್ಯಚಿತ್ರದೊಳಗೆ ಕಲ್ಪನೆ ಬೆರೆಸುವುದು ಹೇಗೆ?

ಕೈಯಲ್ಲೊಂದು ಸಾಧಾರಣ ಕ್ಯಾಮೆರಾ ಅಥವಾ ಒಳ್ಳೆಯ ಮೊಬೈಲು, ಜೊತೆಗೆ ಇಬ್ಬರು ಗೆಳೆಯರು. ನಟರಿಗೆ ಕೊಡಲು ದುಡ್ಡಿಲ್ಲ, ಸೆಟ್ ಹಾಕುವ ಮಾತಂತೂ ದೂರವೇ ಉಳಿಯಿತು. ಹೀಗಿದ್ದಾಗ ಸಿನಿಮಾ ಮಾಡಲು ಹೊರಟವರು ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಗೆಳೆಯರಿಗೇ ಡೈಲಾಗು ಬಾಯಿಪಾಠ ಮಾಡಿಸಿ ಕಿರುಚಿತ್ರ ತೆಗೆಯುತ್ತಾರೆ. ಇಲ್ಲವೇ ಊರಿನ ಹಿರಿಯರೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ, ಪ್ರಶ್ನೆ ಕೇಳಿ, ಹಿನ್ನೆಲೆಗೆ ಕೊಳಲು ಹಾಕಿ ಸಾಕ್ಷ್ಯಚಿತ್ರ ಅನ್ನುತ್ತಾರೆ. ಮೊದಲನೆಯದರಲ್ಲಿ ನಟನೆ ಕೈಕೊಡುತ್ತದೆ, ಎರಡನೆಯದರಲ್ಲಿ ನೋಡುವವರಿಗೆ ಆಕಳಿಕೆ ಬರುತ್ತದೆ.

ಮೂರನೆಯ ದಾರಿಯೊಂದಿದೆ. ನಿಜವಾದ ಜನ, ನಿಜವಾದ ಜಾಗ, ಅವರ ದಿನನಿತ್ಯದ ಕೆಲಸ. ಅದರೊಳಗೆ ನಾವು ಹೆಣೆದ ಒಂದು ಕಥೆ. ಡಾಕ್ಯುಫಿಕ್ಷನ್ ಎಂದು ಇದನ್ನು ಕರೆಯುತ್ತಾರೆ. ಹೆಸರು ಹೊಸದಾಗಿ ಕೇಳಿಸಿದರೂ ಪದ್ಧತಿ ಹಳೆಯದು. ಅಮೆರಿಕದ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಕೆನಡಾದ ಉತ್ತರದ ಹಿಮದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಇನ್ಯುಯಿಟ್ ಜನರೊಂದಿಗೆ ತೆಗೆದ ‘ನಾನೂಕ್ ಆಫ್ ದಿ ನಾರ್ತ್’ ಬಂದದ್ದು 1922ರಲ್ಲಿ. ಸಾಕ್ಷ್ಯಚಿತ್ರಗಳ ಮೂಲಪುರುಷ ಎಂದು ಹೆಸರಾದ ಆ ಚಿತ್ರದಲ್ಲೇ ಕಟ್ಟಿದ ದೃಶ್ಯಗಳು ಬೇಕಾದಷ್ಟಿವೆ.

ಈ ಲೇಖನ ಹದಿನೈದು ಇಪ್ಪತ್ತು ನಿಮಿಷದ ಇಂಥದೊಂದು ಚಿತ್ರವನ್ನು ನಿಮ್ಮೂರಿನಲ್ಲೇ ಮಾಡಹೊರಟವರಿಗೆ. ಇಡೀ ಕೆಲಸ ಎರಡು ನಿಯಮಗಳ ಮೇಲೆ ನಿಂತಿದೆ ಎಂಬುದು ನನ್ನ ನಂಬಿಕೆ. ಒಂದು: ಸನ್ನಿವೇಶ ನಮ್ಮದು, ಮಾತು ಅವರದು. ಇನ್ನೊಂದು: ಯಾವುದು ನಿಜ, ಯಾವುದು ಕಟ್ಟಿದ್ದು ಎಂಬುದು ಪ್ರೇಕ್ಷಕರಿಗೆ ತಡವಾಗಿ ತಿಳಿದರೂ ನಡೆದೀತು, ಕ್ಯಾಮೆರಾ ಮುಂದೆ ನಿಂತವರಿಗೆ ಮೊದಲೇ ತಿಳಿದಿರಬೇಕು. ಮುಂದಿನದೆಲ್ಲ ಇವೆರಡನ್ನು ದಿನದ ಕೆಲಸದಲ್ಲಿ ಪಾಲಿಸುವ ಬಗೆ.

1. ಮೊದಲು ಮನುಷ್ಯ, ಆಮೇಲೆ ಕಥೆ

ಕಥೆ ಬರೆದಿಟ್ಟುಕೊಂಡು ಅದಕ್ಕೆ ತಕ್ಕ ಮುಖ ಹುಡುಕಬೇಡಿ. ಅದು ಕಥಾಚಿತ್ರದ ಕ್ರಮ, ಇಲ್ಲಿ ತಿರುಗಿಸಬೇಕು. ರಾಮ್ ರೆಡ್ಡಿಯವರ ‘ತಿಥಿ’ ಪೂರ್ತಿ ಕಥಾಚಿತ್ರವೇ, ಸಾಕ್ಷ್ಯಚಿತ್ರವಲ್ಲ. ಆದರೂ ನಮಗೆ ಅದರಿಂದ ಕಲಿಯುವುದಿದೆ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ಅದೇ ಊರಿನ ನಂಟಿದ್ದ ಈರೇಗೌಡರ ಜೊತೆ ಸೇರಿ ಬರೆದದ್ದು, ಆ ಕಡೆಯ ಜನರನ್ನೇ ಇಟ್ಟುಕೊಂಡು ತೆಗೆದದ್ದು. ಅದರ ಗಡ್ಡಪ್ಪ ಎಂಬ ಮುದುಕ ಹೊಲದ ದಾರಿಯಲ್ಲಿ ನಡೆಯುವುದನ್ನು ನೋಡಿದವರಿಗೆ ಗೊತ್ತು: ಆ ನಡಿಗೆಯನ್ನು ಯಾವ ನಟನಾ ಶಾಲೆಯೂ ಕಲಿಸಲಾರದು. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದು ಬಹುಮಾನ ಗೆದ್ದಾಗ ಬೆಂಗಳೂರಿನ ಎಷ್ಟೋ ಮಂದಿಗೆ ಅದರ ಹೆಸರೇ ಗೊತ್ತಿರಲಿಲ್ಲ, ಅದು ಬೇರೆ ಮಾತು.

ಯಾರನ್ನು ಆರಿಸಿಕೊಳ್ಳಬೇಕು? ಚೆನ್ನಾಗಿ ಮಾತಾಡುವವರನ್ನು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಸಭೆಯಲ್ಲಿ ಮೈಕು ಕಂಡರೆ ಎದ್ದು ನಿಲ್ಲುವವರು ಕ್ಯಾಮೆರಾ ಮುಂದೆ ಭಾಷಣ ಮಾಡುತ್ತಾರೆ. ಕೈಗೆ ಕೆಲಸ ಇರುವವರನ್ನು ಹುಡುಕಿ. ಕೆಲಸ ಮಾಡುತ್ತಾ ಮಾತಾಡುವವರ ಕಣ್ಣು ಕೆಲಸದ ಮೇಲಿರುತ್ತದೆ, ಕ್ಯಾಮೆರಾ ಮರೆತುಹೋಗುತ್ತದೆ. ಚಪ್ಪಲಿ ಹೊಲಿಯುವವರು, ಹೂ ಕಟ್ಟುವವರು, ಗುಜರಿ ಅಂಗಡಿಯವರು, ಕೆಟ್ಟ ಮೋಟರು ಬಿಚ್ಚಿ ವೈಂಡಿಂಗ್ ಮಾಡುವವರು, ಯಾರಾದರೂ ಆದೀತು.

ಉದಾಹರಣೆಗೆ ಒಂದು ಹಿಟ್ಟಿನ ಗಿರಣಿ ಇಟ್ಟುಕೊಳ್ಳೋಣ. ಗಿರಣಿ ನಡೆಸುವುದು ನಡುವಯಸ್ಸಿನ ಒಬ್ಬ ಅಕ್ಕ. ರಾಗಿ, ಗೋಧಿ, ಅಕ್ಕಿ ತುಂಬಿದ ಡಬ್ಬಿಗಳು ಬಾಗಿಲಿಂದ ಸಾಲಾಗಿ ಕೂತಿರುತ್ತವೆ. ಜನ ಡಬ್ಬಿ ಇಟ್ಟು ಮನೆಗೆ ಹೋಗಿ ಸಂಜೆ ಬರುತ್ತಾರೆ. ಅಕ್ಕ ಹಿಟ್ಟು ಬೀಳುವ ಬಾಯಿಗೆ ಕೈಯೊಡ್ಡಿ, ಹೆಬ್ಬೆರಳು ತೋರುಬೆರಳ ನಡುವೆ ಒಂದು ಚಿಟಿಕೆ ಉಜ್ಜಿ ನೋಡಿ, ಕಲ್ಲು ಒಂದಿಷ್ಟು ಬಿಗಿ ಮಾಡುತ್ತಾಳೆ. ಹುಬ್ಬು ರೆಪ್ಪೆಯೆಲ್ಲ ಬಿಳಿ. ಗದ್ದಲಕ್ಕೆ ಹೊಂದಿಕೊಂಡ ಗಂಟಲು, ಹಾಗಾಗಿ ಗಿರಣಿ ನಿಂತಾಗಲೂ ದನಿ ಒಂದು ಮೆಟ್ಟಿಲು ಮೇಲೆಯೇ.

ಈ ಜಾಗಕ್ಕೆ ಮೊದಲ ಕೆಲವು ಸಲ ಕ್ಯಾಮೆರಾ ಒಯ್ಯಬೇಡಿ. ಹಿಟ್ಟು ಮಾಡಿಸಿಕೊಳ್ಳಲು ಹೋಗಿ, ಕೂತುಕೊಳ್ಳಿ. ದಿನದ ಯಾವ ಹೊತ್ತಿಗೆ ಯಾರು ಬರುತ್ತಾರೆ, ಬೆಳಕು ಯಾವ ಕಡೆಯಿಂದ ಬೀಳುತ್ತದೆ, ಕರೆಂಟು ಎಷ್ಟು ಹೊತ್ತಿಗೆ ಹೋಗುತ್ತದೆ, ಅಕ್ಕ ಯಾರನ್ನು ಕಂಡರೆ ನಗುತ್ತಾಳೆ, ಯಾರಿಗೆ ಸಾಲ ಬರೆದಿಡುತ್ತಾಳೆ. ಇದೆಲ್ಲ ನಿಮ್ಮ ಚಿತ್ರಕಥೆಯ ಸರಕು.

2. ಬೆರೆಸುವ ಬಗೆ ಯಾವುದು?

ಮೂರು ಬಗೆ ನನಗೆ ಕಾಣುತ್ತವೆ. ಮೂರನ್ನೂ ಒಂದೇ ಚಿತ್ರಕ್ಕೆ ಸುರಿಯದೆ ಒಂದನ್ನು ಆರಿಸಿಕೊಳ್ಳಿ.

ಮೊದಲನೆಯದು, ನಡೆಯುತ್ತಿರುವ ಬದುಕಿನೊಳಗೆ ನಾವೊಂದು ಘಟನೆ ಇಡುವುದು. ಗಿರಣಿಯ ಸಾಲಿನಲ್ಲಿ ಯಾರೂ ಒಯ್ಯದ ಒಂದು ಡಬ್ಬಿ ಇಟ್ಟರೆ? ಎರಡು ದಿನವಾಯಿತು, ಮೂರು ದಿನವಾಯಿತು, ಯಾರೂ ಬರಲಿಲ್ಲ. ಇಷ್ಟೇ ಕಲ್ಪನೆ. ಉಳಿದದ್ದೆಲ್ಲ ನಿಜ. ಹೊಸಬರಿಗೆ ಇದೇ ಸಲೀಸು.

ಎರಡನೆಯದು, ನಡೆದುಹೋದದ್ದನ್ನು ಅದೇ ಜನರಿಂದ ಮತ್ತೆ ಮಾಡಿಸುವುದು. ಇದರ ಮೇಲುಪಂಕ್ತಿಯ ಉದಾಹರಣೆ ಇರಾನಿನ ನಿರ್ದೇಶಕ ಅಬ್ಬಾಸ್ ಕಿಯರೊಸ್ತಾಮಿಯವರ 1990ರ ‘ಕ್ಲೋಸ್-ಅಪ್’. ಟೆಹ್ರಾನಿನಲ್ಲಿ ಹೊಸೈನ್ ಸಬ್ಜಿಯಾನ್ ಎಂಬ ಬಡ ಸಿನಿಮಾ ಹುಚ್ಚ, ತಾನೇ ನಿರ್ದೇಶಕ ಮೊಹ್ಸೆನ್ ಮಖ್ಮಲ್ಬಾಫ್ ಎಂದು ಹೇಳಿಕೊಂಡು ಒಂದು ಕುಟುಂಬದ ಮನೆ ಹೊಕ್ಕ, ಸಿಕ್ಕಿಬಿದ್ದ, ಕೋರ್ಟು ಏರಿದ. ಕಿಯರೊಸ್ತಾಮಿ ವಿಚಾರಣೆಯನ್ನೇ ಚಿತ್ರೀಕರಿಸಿದರು. ಆಮೇಲೆ ಮೋಸ ಮಾಡಿದವನನ್ನೂ ಮೋಸಹೋದ ಕುಟುಂಬವನ್ನೂ ಒಪ್ಪಿಸಿ, ಅವರವರ ಪಾತ್ರ ಅವರವರಿಂದಲೇ ಮಾಡಿಸಿ ಹಿಂದಿನ ಘಟನೆಗಳನ್ನು ಮತ್ತೆ ಕಟ್ಟಿದರು. ಒಮ್ಮೆ ಯೋಚಿಸಿ: ಯಾರ ಮನೆಗೆ ಸುಳ್ಳು ಹೇಳಿ ಬಂದಿದ್ದನೋ ಅದೇ ಮನೆಗೆ, ಅದೇ ಸುಳ್ಳನ್ನು ಮತ್ತೊಮ್ಮೆ ಹೇಳಲು, ಈ ಸಲ ಎಲ್ಲರ ಒಪ್ಪಿಗೆಯಿಂದ ಬರುತ್ತಾನೆ.

ಮೂರನೆಯದು, ಸಿಕ್ಕ ದೃಶ್ಯಗಳಿಗೆ ಕಟ್ಟಿದ ದನಿ. ಪಾಯಲ್ ಕಪಾಡಿಯಾ ಅವರ 2021ರ ‘ಎ ನೈಟ್ ಆಫ್ ನೋಯಿಂಗ್ ನಥಿಂಗ್’ನಲ್ಲಿ ವಿದ್ಯಾರ್ಥಿ ಚಳವಳಿಯ ನಿಜದ ಚಿತ್ರಿಕೆಗಳಿವೆ, ಅವನ್ನು ಹೊಲಿಯುವುದು ‘ಎಲ್’ ಎಂಬ ಕಲ್ಪಿತ ಹುಡುಗಿಯ ಪ್ರೇಮಪತ್ರಗಳು. ಮನೆಯ ಅಟ್ಟದಲ್ಲಿ ಹಳೆಯ ಮದುವೆ ಕ್ಯಾಸೆಟ್ಟು ಬಿದ್ದಿದ್ದರೆ, ದುಬೈಯಿಂದಲೋ ಮಸ್ಕತ್ತಿನಿಂದಲೋ ಊರಿಗೆ ಕಳಿಸಿದ ವಿಡಿಯೊಗಳಿದ್ದರೆ, ಶೂಟಿಂಗೇ ಇಲ್ಲದೆ ಈ ಬಗೆಯ ಚಿತ್ರ ಮಾಡಬಹುದು.

ಈಗ ಡಬ್ಬಿಯ ದಾರಿಯಲ್ಲೇ ಮುಂದೆ ಹೋಗೋಣ. ಕಲ್ಪನೆಯ ತುಂಡು ಒಂದೇ ಇರಲಿ, ಮತ್ತು ಅದು ಆ ಜಾಗದಲ್ಲಿ ಸಹಜವಾಗಿ ನಡೆಯಬಹುದಾದದ್ದಾಗಿರಲಿ. ಡಬ್ಬಿಯೊಳಗೆ ಚಿನ್ನದ ಸರ ಸಿಕ್ಕಿತು, ಹಿಂದೆಯೇ ಪೊಲೀಸರು ಬಂದರು ಅಂದಿರೋ, ಮುಗಿಯಿತು. ಅಕ್ಕ ಆ ಕ್ಷಣದಿಂದ ಧಾರಾವಾಹಿಯ ಪಾತ್ರವಾಗುತ್ತಾಳೆ, ತನಗೆ ಬಾರದ ಮುಖಭಾವಗಳನ್ನು ಮಾಡಲು ಶುರುವಿಡುತ್ತಾಳೆ. ಯಾರೂ ಒಯ್ಯದ ಡಬ್ಬಿಯ ಬಗ್ಗೆಯಾದರೆ ಅವಳಿಗೆ ನಿಜವಾಗಿಯೂ ಹೇಳಲು ಮಾತಿದೆ. ಅಂಥದು ಹಿಂದೆಯೂ ಆಗಿರುತ್ತದೆ.

3. ಮೂರು ಕಾಲಮಿನ ನೋಟ್‌ಬುಕ್

ಬಹಳ ಜನ ಬಿಟ್ಟುಬಿಡುವ ಹೆಜ್ಜೆ ಇದು. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಗೆರೆ ಎಳೆಯಿರಿ: ನಿಜ, ಮತ್ತೆ ಮಾಡಿಸಿದ್ದು, ಕಟ್ಟಿದ್ದು. ಪ್ರತಿಯೊಂದು ದೃಶ್ಯವನ್ನೂ ಯಾವುದಾದರೂ ಒಂದರಲ್ಲಿ ಬರೆಯಿರಿ. ಅಕ್ಕ ಬೆಳಗ್ಗೆ ಷಟರ್ ಎತ್ತುವುದು ನಿಜ. ನಿಮ್ಮ ಕ್ಯಾಮೆರಾ ರೆಡಿ ಇರಲಿಲ್ಲವೆಂದು ಎರಡನೇ ಸಲ ಎತ್ತಿಸಿದರೆ ಅದು ಮತ್ತೆ ಮಾಡಿಸಿದ್ದು. ಡಬ್ಬಿ ಕಟ್ಟಿದ್ದು.

ಯಾಕಿಷ್ಟು ಲೆಕ್ಕ? ಫ್ಲಾಹರ್ಟಿಯನ್ನೇ ನೋಡಿ. ನಾನೂಕ್ ಪಾತ್ರದವನ ನಿಜವಾದ ಹೆಸರು ಅಲ್ಲಕಾರಿಯಲ್ಲಕ್. ಹಿಮದ ಮನೆಯೊಳಗೆ ಆಗಿನ ಕ್ಯಾಮೆರಾಕ್ಕೆ ಬೆಳಕು ಸಾಲಲಿಲ್ಲವೆಂದು, ಒಂದು ಪಕ್ಕ ತೆರೆದ ಅರ್ಧ ಮನೆ ಕಟ್ಟಿಸಿ ಅದರಲ್ಲಿ ಮಲಗುವ ಏಳುವ ದೃಶ್ಯ ತೆಗೆದರು. ಇದು ತಾಂತ್ರಿಕ ಅನಿವಾರ್ಯ, ಯಾರಿಗೂ ನೋವಿಲ್ಲ. ಆದರೆ ಬಂದೂಕು ಬಳಸಲು ಕಲಿತಿದ್ದ ಜನರ ಕೈಗೆ ಈಟಿ ಕೊಟ್ಟು ಬೇಟೆ ಆಡಿಸಿದ್ದು, ಗ್ರಾಮಫೋನು ಏನೆಂದೇ ತಿಳಿಯದವನಂತೆ ರೆಕಾರ್ಡನ್ನು ಕಚ್ಚಿಸಿದ್ದು ಬೇರೆಯದೇ ಜಾತಿಯ ಕಟ್ಟುವಿಕೆ. ಮೊದಲನೆಯದು ಬೆಳಕಿಗಾಗಿ ಗೋಡೆ ತೆಗೆದದ್ದು. ಎರಡನೆಯದು ಒಂದು ಸಮುದಾಯವನ್ನು ಇರುವುದಕ್ಕಿಂತ ಹಿಂದುಳಿದವರಂತೆ, ಪೆದ್ದರಂತೆ ತೋರಿಸಿದ್ದು. ನೋಟ್‌ಬುಕ್ ಇದ್ದರೆ ಈ ವ್ಯತ್ಯಾಸ ನಿಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಮೂರನೇ ಕಾಲಮಿನ ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದರಿಂದ ಈ ಮನುಷ್ಯ ಊರವರ ಮುಂದೆ ಸಣ್ಣವನಾಗುತ್ತಾನೆಯೇ? ಆಗುತ್ತಾನೆ ಅನ್ನಿಸಿದರೆ ಹೊಡೆದುಹಾಕಿ.

4. ಒಪ್ಪಿಗೆ

ಇಲ್ಲಿ ಅವಸರ ಬೇಡ. ಒಪ್ಪಿಗೆ ಪತ್ರ ಸರಳ ಕನ್ನಡದಲ್ಲಿರಲಿ, ಒಂದು ಪುಟಕ್ಕೆ ಮೀರದಿರಲಿ. ಓದಲು ಬಾರದವರಿಗೆ ಓದಿ ಹೇಳಿ, ಅವರು ಒಪ್ಪುವುದನ್ನು ವಿಡಿಯೊ ಮಾಡಿಟ್ಟುಕೊಳ್ಳಿ. ಚಿತ್ರದಲ್ಲಿ ಕಟ್ಟಿದ ಕಥೆಯೊಂದಿದೆ, ಎಲ್ಲೆಲ್ಲಿ ತೋರಿಸುತ್ತೇವೆ, ಯಾವ ಹಂತದವರೆಗೆ ಅವರು ಬೇಡ ಅನ್ನಬಹುದು, ಎಷ್ಟು ದುಡ್ಡು ಕೊಡುತ್ತೇವೆ, ಇವಿಷ್ಟು ಸ್ಪಷ್ಟವಾಗಿರಬೇಕು. ದುಡ್ಡಿನ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಕ್ಕು: ಗಿರಣಿ ಅರ್ಧ ದಿನ ನಿಂತರೆ ಆ ಅರ್ಧ ದಿನದ ಸಂಪಾದನೆ ನೀವು ತುಂಬಿಕೊಡಬೇಕು. ನಿಮ್ಮ ಬಜೆಟ್ಟಿನಲ್ಲಿ ಡ್ರೋನಿಗೆ ಹಣವಿದ್ದು ಇದಕ್ಕಿಲ್ಲ ಎಂದರೆ ಡ್ರೋನು ಬಿಡಿ. ಹೇಗೂ ಎಲ್ಲರ ಚಿತ್ರದಲ್ಲೂ ಅದೇ ತೆಂಗಿನ ತೋಟ ಮೇಲಿಂದ ಕಾಣುತ್ತಿದೆ.

ಗುಟ್ಟು ಬೇಕಾದಲ್ಲಿ ಗುಟ್ಟಿಗೂ ಒಪ್ಪಿಗೆ ಪಡೆಯಬಹುದು. ಕಡೆಗೆ ಡಬ್ಬಿ ಒಯ್ಯಲು ಯಾರು ಬರುತ್ತಾರೆ ಎಂಬುದು ಅಕ್ಕನಿಗೆ ಗೊತ್ತಿರಬಾರದು, ಆಗಲೇ ಆ ಮುಖ ಸಿಗುವುದು. ಹಾಗಾಗಿ ಮೊದಲೇ ಕೇಳಿ: “ಅಕ್ಕಾ, ಕೊನೇ ದಿನ ಯಾರೋ ಒಬ್ರು ಬಂದು ಡಬ್ಬಿ ಕೇಳ್ತಾರೆ. ಯಾರು ಅಂತ ಈಗ ಹೇಳಲ್ಲ. ಪರವಾಗಿಲ್ವಾ?” ಅವಳು ಹೂಂ ಅಂದರೆ ನಿಮ್ಮಿಬ್ಬರ ನಡುವೆ ಆಟದ ನಿಯಮ ಗೊತ್ತಾದಂತೆ. ಹೇಳದೆ ಮಾಡಿ, ಅವಳು ಬೆಚ್ಚಿದ್ದನ್ನು ಸೆರೆಹಿಡಿದರೆ ಅದು ಟಿವಿಯ ಪ್ರಾಂಕ್ ಷೋ. ಅಡಗಿಸಿಟ್ಟ ಕ್ಯಾಮೆರಾ ಕೂಡ ಅದೇ ಸಾಲಿಗೆ ಸೇರಿದ್ದು.

ಹಿಟ್ಟಿಗೆ ಬಂದು ಹೋಗುವವರಿಗಾಗಿ ಬಾಗಿಲಲ್ಲಿ ದೊಡ್ಡ ಅಕ್ಷರದ ಬೋರ್ಡು ಹಾಕಿ, ಸಮೀಪದಿಂದ ಕಾಣುವವರನ್ನು ಬಾಯಿಬಿಟ್ಟು ಕೇಳಿ. ಮಕ್ಕಳಿದ್ದರೆ ಕಾನೂನೇ ಇದೆ: 14 ವರ್ಷದೊಳಗಿನ ಮಕ್ಕಳನ್ನು ಕಲಾವಿದರಾಗಿ ತೊಡಗಿಸಿಕೊಳ್ಳಲು ಜಿಲ್ಲಾಧಿಕಾರಿಯ ಅನುಮತಿ ಬೇಕು, ದಿನಕ್ಕೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಿಶ್ರಾಂತಿಯಿಲ್ಲದೆ ಒಟ್ಟಿಗೆ 3 ಗಂಟೆ ದಾಟುವಂತಿಲ್ಲ, ಸಂಭಾವನೆಯ ಕನಿಷ್ಠ ಶೇ. 20 ಭಾಗ ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿ ಇಡಬೇಕು.

ವಿಷಯ ಅಪಾಯದ್ದಾದರೆ ಹೆಸರು ಮರೆಸುವ ಯೋಚನೆಯೂ ಮೊದಲೇ ಬೇಕು. ಇಂಡೊನೇಷ್ಯಾದ 1965-66ರ ಸಾಮೂಹಿಕ ಕೊಲೆಗಳ ಬಗ್ಗೆ, ಕೊಂದವರಿಂದಲೇ ಅವರ ಕೃತ್ಯಗಳ ಅಭಿನಯ ಮಾಡಿಸಿ ತೋರಿಸಿದ ‘ದಿ ಆ್ಯಕ್ಟ್ ಆಫ್ ಕಿಲ್ಲಿಂಗ್’ನ ಕೊನೆಯಲ್ಲಿ ಬರುವ ತಂಡದವರ ಹೆಸರಿನ ಪಟ್ಟಿಯಲ್ಲಿ ಸಾಲು ಸಾಲಾಗಿ ಬರುವುದು ‘ಅನಾಮಿಕ’ ಎಂಬ ಹೆಸರೇ. ಸ್ಥಳೀಯ ತಂತ್ರಜ್ಞರ ಸುರಕ್ಷತೆಗಾಗಿ ಹಾಗೆ ಮಾಡಬೇಕಾಯಿತು.

5. ಡೈಲಾಗು ಬರೆಯಬೇಡಿ, ಚೀಟಿ ಬರೆಯಿರಿ

ಅಕ್ಕನ ಕೈಗೆ ಬರೆದ ಮಾತು ಕೊಟ್ಟರೆ ಅವಳು ಅದನ್ನು ಶಾಲೆಯ ಪದ್ಯದಂತೆ ಒಪ್ಪಿಸುತ್ತಾಳೆ. ಅದರ ಬದಲು ಪ್ರತಿ ದೃಶ್ಯಕ್ಕೆ ನಾಲ್ಕೈದು ಸಾಲಿನ ಒಂದು ಚೀಟಿ ಮಾಡಿ, ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಹೀಗೆ:

ಬೆಳಗ್ಗೆ ಹನ್ನೊಂದು. ಕರೆಂಟು ಹೋಗಿದೆ. ಇಬ್ಬರು ಹಿಟ್ಟಿಗೆ ಕಾಯುತ್ತಿದ್ದಾರೆ. ಅಕ್ಕನಿಗೆ ಸಾಲು ಗುಡಿಸಬೇಕು, ಅದಕ್ಕೆ ಆ ಡಬ್ಬಿ ಎತ್ತಿಡಬೇಕು. ಕಾಯುವವರಲ್ಲಿ ಒಬ್ಬನಿಗೆ ಡಬ್ಬಿ ಎಲ್ಲೋ ನೋಡಿದ ನೆನಪು.

ಯಾರು ಏನನ್ನಬೇಕು ಎಂಬುದು ಚೀಟಿಯಲ್ಲಿಲ್ಲ. ಯಾರಿಗೆ ಏನು ಬೇಕಾಗಿದೆ ಎಂಬುದಷ್ಟೇ ಇದೆ. ಅಕ್ಕನಿಗೆ ಹೇಳುವುದು: ಗುಡಿಸಿ, ಡಬ್ಬಿ ಪಕ್ಕಕ್ಕಿಡಿ. ಕಾಯುವ ಹುಡುಗನನ್ನು ಆಚೆ ಕರೆದು ಹೇಳುವುದು: ಆ ಡಬ್ಬಿ ಯಾರದೆಂದು ಕೇಳು, ನಿಮ್ಮ ಓಣಿಯವರದೇ ಇರಬಹುದು ಅನ್ನು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಮಾತು ತಾನಾಗಿ ಹುಟ್ಟುತ್ತದೆ. ಆಗ ಇಂಥದೇನೋ ಬರಬಹುದು:

“ಯಾರ್ದಕ್ಕಾ ಇದು?”

“ಯಾರ್ದೋ ಕಣೋ. ಶುಕ್ರವಾರದಿಂದ ಬಿದ್ದೈತೆ. ರಾಗಿ. ಒಳ್ಳೇ ರಾಗಿ.”

ಆ ಕೊನೆಯ ‘ಒಳ್ಳೇ ರಾಗಿ’ಯನ್ನು ನಾನಾಗಲಿ ನೀವಾಗಲಿ ಮೇಜಿನ ಮುಂದೆ ಕೂತು ಬರೆಯುತ್ತಿರಲಿಲ್ಲ. ಡಬ್ಬಿಯವರು ಯಾರೆಂದು ಗೊತ್ತಿಲ್ಲ, ಕಾಳು ಹೇಗಿದೆಯೆಂದು ಮಾತ್ರ ಅವಳಿಗೆ ಗೊತ್ತು. ಅದು ಅವಳ ಕಸುಬಿನ ಕಣ್ಣು. ಇಂಥ ಎರಡು ಮಾತು ಸಿಕ್ಕರೆ ಆ ದಿನದ ಶೂಟಿಂಗ್ ಸಾರ್ಥಕ.

6. ಬೆಳಕು, ಕ್ಯಾಮೆರಾ, ಮುಖ್ಯವಾಗಿ ಶಬ್ದ

ಕ್ಯಾಮೆರಾದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್ ಆದ್ದರಿಂದ ಸೆಕೆಂಡಿಗೆ 25 ಫ್ರೇಮು, ಕ್ಯಾಮೆರಾದ ಷಟರ್ ವೇಗ ಸೆಕೆಂಡಿನ 1/50ಕ್ಕೆ ಇಟ್ಟರೆ ಟ್ಯೂಬ್‌ಲೈಟು ಮಿನುಗುವ ಕಾಟ ಇರುವುದಿಲ್ಲ. ಮೊಬೈಲಿನಲ್ಲಿ ತೆಗೆಯುವುದಾದರೆ ಎಕ್ಸ್‌ಪೋಷರ್ (ಬೆಳಕಿನ ಮಟ್ಟ) ತಾನಾಗಿ ಬದಲಾಗದಂತೆ ಲಾಕ್ ಮಾಡಿ, ಏರೋಪ್ಲೇನ್ ಮೋಡಿಗೆ ಹಾಕಿ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ ತುಂಬುತ್ತದೆ. ಈ ಬಗೆಯ ಚಿತ್ರಕ್ಕೆ ಫುಟೇಜು, ಅಂದರೆ ತೆಗೆದ ದೃಶ್ಯಗಳು, ರಾಶಿ ಬೀಳುವುದರಿಂದ ಎರಡು ಹಾರ್ಡ್‌ಡಿಸ್ಕಿನ ಖರ್ಚು ಮೊದಲೇ ಲೆಕ್ಕಕ್ಕಿಡಿ. ಗಿರಣಿಯೊಳಗೆ ಲೆನ್ಸು ಬದಲಿಸಬೇಡಿ, ಹಿಟ್ಟಿನ ದೂಳು ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ಕೂರುತ್ತದೆ. ತಿರುಗುವ ಬೆಲ್ಟಿನ ಹತ್ತಿರ ಕೇಬಲ್ಲು, ದುಪಟ್ಟಾ, ಸಡಿಲ ಅಂಗಿ ಯಾವುದೂ ಸುಳಿಯಬಾರದು.

ತಂಡ ಸಣ್ಣದಿದ್ದಷ್ಟೂ ಒಳ್ಳೆಯದು. ಪೋರ್ಚುಗಲ್ಲಿನ ಪೆಡ್ರೊ ಕೋಸ್ಟಾ ಲಿಸ್ಬನ್ನಿನ ಫೊಂಟೈನ್ಯಾಸ್ ಕೊಳೆಗೇರಿಯಲ್ಲಿ ದೊಡ್ಡ ತಂಡ, ದೀಪ, ಲಾರಿಗಳೊಂದಿಗೆ ಒಂದು ಚಿತ್ರ ತೆಗೆದ ಮೇಲೆ, ಅದೆಲ್ಲ ಬಿಟ್ಟು ಸಣ್ಣ ಡಿಜಿಟಲ್ ಕ್ಯಾಮೆರಾ ಹಿಡಿದು ಅಲ್ಲಿಗೇ ಮರಳಿದರು. ನೂರು ಗಂಟೆಗೂ ಮೀರಿದ ಫುಟೇಜಿನಿಂದ 2000ದಲ್ಲಿ ‘ಇನ್ ವಾಂಡಾಸ್ ರೂಮ್’ ಹೊರಬಂತು. ಹೊರಗೆ ಮನೆಗಳನ್ನು ಕೆಡವುತ್ತಿರುವ ಸದ್ದು, ಒಳಗೆ ಆ ಕೇರಿಯವಳೇ ಆದ ವಾಂಡಾಳ ಕೋಣೆ. ಆ ಸಲಿಗೆ ಹತ್ತು ಜನರ ಯೂನಿಟ್ಟಿಗೆ ಸಿಗುವಂಥದ್ದಲ್ಲ.

ಈಗ ಶಬ್ದ. ಚಿತ್ರ ಸ್ವಲ್ಪ ಮಸುಕಾದರೆ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಓಡುವ ಗಿರಣಿಯ ಪಕ್ಕ ಕಾಲರ್ ಮೈಕೂ ಸೋಲುತ್ತದೆ. ಮಾತಿನ ದೃಶ್ಯಗಳನ್ನೆಲ್ಲ ಕರೆಂಟು ಹೋದ ಹೊತ್ತಿಗೆ ಇಟ್ಟುಕೊಳ್ಳಿ. ಲೋಡ್‌ಶೆಡ್ಡಿಂಗಿನ ಸಮಯ ಗೊತ್ತಿದ್ದರೆ ಬೆಸ್ಕಾಮಿನವರೋ ಚೆಸ್ಕಾಮಿನವರೋ ನಿಮ್ಮ ಸೌಂಡ್ ಡಿಪಾರ್ಟ್‌ಮೆಂಟು. ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷ ಅಲ್ಲಿನ ಬರೀ ಸದ್ದನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ, ಎಡಿಟಿಂಗಿನಲ್ಲಿ ತೇಪೆ ಹಾಕಲು ಬೇಕಾಗುತ್ತದೆ. ಗಿರಣಿ ಶುರುವಾಗುವ, ನಿಲ್ಲುವ ಸದ್ದನ್ನು ಬೇರೆಯಾಗಿ ಹಿಡಿಯಿರಿ.

ಶಬ್ದವೇ ಸಿಗದಿದ್ದರೆ? ಫ್ರಾನ್ಸಿನ ನಿರ್ದೇಶಕ ಜಾನ್ ರೂಶ್ ಅದಕ್ಕೊಂದು ದಾರಿ ತೋರಿಸಿಕೊಟ್ಟಿದ್ದಾರೆ. ನೈಜರ್ ದೇಶದಿಂದ ಕೂಲಿ ಹುಡುಕಿಕೊಂಡು ಐವರಿ ಕೋಸ್ಟಿನ ಅಬಿಜಾನ್ ನಗರದ ಟ್ರೈಶ್‌ವಿಲ್ ಕೇರಿಗೆ ಬಂದ ತರುಣರ ಜೊತೆ ಅವರು ಮಾಡಿದ ಚಿತ್ರ ‘ಮುವಾ, ಅ ನ್ವಾರ್’, 1958ರದ್ದು. ಕೀಲಿ ಕೊಟ್ಟು ಓಡಿಸುವ ಕ್ಯಾಮೆರಾ. ಒಂದು ಸಲ ಕೀಲಿ ಕೊಟ್ಟರೆ ಇಪ್ಪತ್ತೈದು ಸೆಕೆಂಡಿನ ಆಸುಪಾಸಿಗೆ ನಿಂತುಬಿಡುತ್ತದೆ. ಜೊತೆಗೆ ಶಬ್ದ ಹಿಡಿಯುವ ಸೌಕರ್ಯವಿಲ್ಲ. ಆ ಹುಡುಗರು ಹಾಲಿವುಡ್ ನಟರ ಹೆಸರುಗಳನ್ನು ತಾವೇ ಇಟ್ಟುಕೊಂಡು, ತಮ್ಮ ದಿನಗಳನ್ನೂ ಹಗಲುಗನಸುಗಳನ್ನೂ ಆಡಿ ತೋರಿಸಿದರು. ಆಮೇಲೆ ರೂಶ್ ಅವರಿಗೆ ಫುಟೇಜು ಹಾಕಿ ತೋರಿಸಿ, ನೋಡುತ್ತಾ ತೋಚಿದ್ದನ್ನು ಮಾತಾಡಿ ಅಂದರು. ಎಡ್ವರ್ಡ್ ಜಿ. ರಾಬಿನ್ಸನ್ ಎಂಬ ಹೆಸರು ತೊಟ್ಟಿದ್ದ ಉಮರೂ ಗಾಂಡಾ ತನ್ನನ್ನು ತಾನೇ ತೆರೆಯ ಮೇಲೆ ನೋಡುತ್ತಾ ಆಡಿದ ಮಾತೇ ಚಿತ್ರದ ಜೀವ. ಅದೇ ಗಾಂಡಾ ಮುಂದೆ ತಾನೇ ನಿರ್ದೇಶಕನಾದ.

ನೀವೂ ಇದನ್ನು ಮಾಡಬಹುದು. ಗದ್ದಲದ ನಡುವೆ ತೆಗೆದ ದೃಶ್ಯಗಳನ್ನು ಲ್ಯಾಪ್‌ಟಾಪಿನಲ್ಲಿ ಅಕ್ಕನಿಗೆ ತೋರಿಸಿ, ಕಿವಿಗೆ ಹೆಡ್‌ಫೋನು, ಮುಂದೆ ಒಂದು ಮೈಕು. ಡಬ್ಬಿಂಗ್ ಎಂದು ಹೇಳಲೇಬೇಡಿ. “ಇಲ್ಲಿ ಏನಾಗ್ತಿತ್ತು ಹೇಳಿ” ಅನ್ನಿ, ಸಾಕು. ಬರುವ ಮಾತಿನಲ್ಲಿ ಅರ್ಧ ನೆನಪು, ಅರ್ಧ ಅಭಿನಯ ಇರುತ್ತದೆ, ನಮಗೆ ಬೇಕಾದದ್ದೂ ಅದೇ.

7. ಶೂಟಿಂಗಿನ ದಿನ

“ಇನ್ನೊಂದ್ಸಲ ಮಾಡಿ” ಎಂಬ ಮಾತನ್ನು ಆದಷ್ಟು ನುಂಗಿಕೊಳ್ಳಿ. ಕಲಾವಿದರಲ್ಲದವರು ಎರಡನೇ ಸಲ ಮಾಡುವಾಗ ಮೊದಲನೇ ಸಲದ ತಮ್ಮನ್ನೇ ಅನುಕರಿಸುತ್ತಾರೆ. ಕೆಲಸ ಮರುಕಳಿಸಲಿ, ಮಾತು ಮರುಕಳಿಸುವುದು ಬೇಡ: ಮುಂದಿನ ಗಿರಾಕಿ ಬಂದಾಗ ಅದೇ ಸನ್ನಿವೇಶ ಬೇರೆ ರೀತಿಯಲ್ಲಿ ಮತ್ತೆ ಸಿಗುತ್ತದೆ. ಟೇಕ್ ಉದ್ದವಿರಲಿ, ದೃಶ್ಯ ಮುಗಿಯಿತು ಅನ್ನಿಸಿದ ಮೇಲೂ ಸ್ವಲ್ಪ ಹೊತ್ತು ಕ್ಯಾಮೆರಾ ಓಡಲಿ. ‘ಆ್ಯಕ್ಷನ್’, ‘ಕಟ್’ ಎಂದು ಕೂಗುವ ಚಪಲವನ್ನು ಮನೆಯಲ್ಲೇ ಬಿಟ್ಟು ಬನ್ನಿ.

ಕ್ಯಾಮೆರಾ ಎದುರಿನವರಿಗೆ ಅದರ ಕೆಲಸ ವಿವರಿಸಿ. ಕ್ಲೋಸ್-ಅಪ್‌ನ ಕೋರ್ಟಿನಲ್ಲಿ ಕಿಯರೊಸ್ತಾಮಿ ಸಬ್ಜಿಯಾನ್‌ಗೆ ಇಲ್ಲಿರುವ ಕ್ಯಾಮೆರಾಗಳು ಏನೇನು ಮಾಡುತ್ತವೆ ಎಂದು ತಿಳಿಹೇಳುತ್ತಾರೆ: ಒಂದರ ಕಣ್ಣು ಅವನ ಮುಖದ ಮೇಲೇ ಇದೆ, ನ್ಯಾಯಾಲಯಕ್ಕೆ ಹೇಳಿದರೆ ನಂಬಲಾಗದ್ದನ್ನು ಅವನು ಅದಕ್ಕೆ ಹೇಳಿಕೊಳ್ಳಬಹುದು. ಆರೋಪಿಯ ಕಟಕಟೆಯಲ್ಲಿ ನಿಂತವನಿಗೆ ಅದು ಎರಡನೆಯ ನ್ಯಾಯಾಲಯವಾಗುತ್ತದೆ. ತಂತ್ರವನ್ನು ಮುಚ್ಚಿಡದೆ ಹೇಳಿದ್ದರಿಂದಲೇ ಅವನು ಬಾಯಿಬಿಟ್ಟ ಅನ್ನಿಸುತ್ತದೆ ನನಗೆ.

8. ಎಡಿಟಿಂಗ್

ಚಿತ್ರಕಥೆ ನಿಜವಾಗಿ ಬರೆಯಲ್ಪಡುವುದು ಇಲ್ಲಿ. ಎಲ್ಲ ಮಾತುಗಳನ್ನೂ ಬರಹಕ್ಕಿಳಿಸಿ. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ. ಪ್ರಿಂಟು ತೆಗೆದು, ಬೇಕಾದ ಸಾಲುಗಳನ್ನು ಕತ್ತರಿಸಿ ನೆಲದ ಮೇಲೆ ಹರಡಿ ಜೋಡಿಸಿ. ಕಂಪ್ಯೂಟರಿನ ಮುಂದೆ ಕೂರುವುದು ಆಮೇಲೆ.

ಒಂದು ಗೆರೆ ದಾಟಬೇಡಿ. ಅಕ್ಕ ರಾಗಿಯ ಬೆಲೆಯ ಬಗ್ಗೆ ನಿಟ್ಟುಸಿರಿಟ್ಟದ್ದನ್ನು ಎತ್ತಿ ತಂದು, ಗಂಡನ ಬಗ್ಗೆ ಕೇಳಿದ ಪ್ರಶ್ನೆಯ ಮುಂದೆ ಅಂಟಿಸಿದರೆ ಸುಂದರ ದೃಶ್ಯವಾಗುತ್ತದೆ, ಅವಳ ಬಾಯಿಂದ ಬಾರದ ಮಾತು ಅವಳದಾಗುತ್ತದೆ. ಸಮಯ ಹಿಂದುಮುಂದಾಗಲಿ, ಅಡ್ಡಿಯಿಲ್ಲ. ಪ್ರಶ್ನೆ ಉತ್ತರದ ಜೋಡಿ ಮುರಿಯಬಾರದು.

ನಿಜದ ವೇಷ ಹಾಕುವ ಗಿಮಿಕ್ಕುಗಳಿಂದ ದೂರವಿರಿ. ಬೇಕೆಂದೇ ಅಲುಗಾಡುವ ಕ್ಯಾಮೆರಾ, ಹಳೇ ಫಿಲಂ ಎನ್ನಿಸಲು ಮೇಲೆ ಹಚ್ಚಿದ ಚುಕ್ಕೆಗಳು, ಸುಮ್ಮನೆ ಜೂಮ್ ಹೊಡೆಯುವುದು ಈಗ ಜಾಹೀರಾತಿನವರ ಸ್ವತ್ತು. ಇದೇ ಶೈಲಿ ಯಾವಾಗ ಕೆಲಸ ಮಾಡಿತ್ತು ಎಂದು ತಿಳಿಯಬೇಕಾದರೆ 1966ರ ‘ಬ್ಯಾಟಲ್ ಆಫ್ ಆಲ್ಜೀರ್ಸ್’ ನೋಡಿ. ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ನಡೆದ ಹೋರಾಟದ ನಾಯಕರಲ್ಲೊಬ್ಬರಾದ ಸಾದಿ ಯಾಸೆಫ್ ತಮ್ಮದೇ ಜೀವನವನ್ನು ಹೋಲುವ ಪಾತ್ರ ಮಾಡಿದ್ದಾರೆ, ಫ್ರೆಂಚ್ ಕರ್ನಲ್ ಪಾತ್ರದ ಜಾನ್ ಮಾರ್ಟಿನ್ ಒಬ್ಬರನ್ನು ಬಿಟ್ಟರೆ ವೃತ್ತಿ ನಟರು ಇಲ್ಲವೇ ಇಲ್ಲ ಎನ್ನಬೇಕು. ಸುದ್ದಿಚಿತ್ರದ ಒಂದಡಿ ರೀಲನ್ನೂ ಬಳಸಿಲ್ಲ ಎಂದು ಅಮೆರಿಕದ ಪ್ರೇಕ್ಷಕರಿಗೆ ಸೂಚನೆ ಹಾಕಬೇಕಾಯಿತು. ಅದು ಅಲುಗಾಟದಿಂದ ಬಂದ ನಂಬಿಕೆಯಲ್ಲ, ಆ ಬೀದಿ ಮತ್ತು ಆ ಮುಖಗಳಿಂದ ಬಂದದ್ದು.

ನಿಜಕ್ಕೂ ಕಟ್ಟಿದ್ದಕ್ಕೂ ನಡುವಿನ ಹೊಲಿಗೆಯನ್ನು ತೋರಿಸಬೇಕೇ, ಮುಚ್ಚಬೇಕೇ? ಎರಡೂ ಸಾಧ್ಯ. ಬಂಗಾಳದ ನಿರ್ದೇಶಕ ಮೃಣಾಲ್ ಸೇನ್ 70ರ ದಶಕದ ಆರಂಭದ ‘ಇಂಟರ್‌ವ್ಯೂ’ನಲ್ಲಿ ಟ್ರಾಮಿನೊಳಗೆ ನಟ ರಂಜಿತ್ ಮಲ್ಲಿಕ್ ಕೈಯಿಂದ, ನಾನು ರಂಜಿತ್ ಮಲ್ಲಿಕ್, ಸಿನಿಮಾದವರು ನನ್ನ ಹಿಂದೆ ಬಿದ್ದಿದ್ದಾರೆ ಎಂಬ ಅರ್ಥದಲ್ಲಿ ಪ್ರೇಕ್ಷಕರಿಗೆ ಹೇಳಿಸಿಬಿಡುತ್ತಾರೆ. ಕಿಯರೊಸ್ತಾಮಿಯದು ತಿರುಗುಮುರುಗು. ಚಿತ್ರದ ಕೊನೆಯಲ್ಲಿ ಸಬ್ಜಿಯಾನ್ ನಿಜವಾದ ಮಖ್ಮಲ್ಬಾಫ್‌ನನ್ನು ಭೇಟಿಯಾಗಿ ಬೈಕಿನ ಹಿಂದೆ ಕೂತು ಹೋಗುವಾಗ ಮೈಕು ಕೆಟ್ಟಂತೆ ಶಬ್ದ ಕಡಿದು ಕಡಿದು ಬರುತ್ತದೆ. ಮೈಕು ಕೆಟ್ಟಿರಲಿಲ್ಲ, ಕತ್ತರಿಸಿದ್ದು ನಿರ್ದೇಶಕರೇ. ಇದನ್ನು ಮೋಸ ಎನ್ನುವವರಿದ್ದಾರೆ. ಆ ಇಬ್ಬರ ಖಾಸಗಿ ಮಾತನ್ನು ನಮ್ಮ ಕಿವಿಯಿಂದ ಕಾಪಾಡಿದ ಸುಳ್ಳು ಎಂದು ನಾನು ಓದಿಕೊಳ್ಳುತ್ತೇನೆ. ಗಿರಣಿಯ ಚಿತ್ರಕ್ಕಾದರೆ ಡಬ್ಬಿ ನಮ್ಮದೆಂದು ಕೊನೆಯ ಪಟ್ಟಿಯಲ್ಲಿ ಒಂದು ಸಾಲು ಹಾಕಿದರೆ ಸಾಕು.

9. ಮೊದಲ ಪ್ರದರ್ಶನ ಗಿರಣಿಯಲ್ಲಿ

ರಫ್ ಕಟ್, ಅಂದರೆ ದೃಶ್ಯಗಳ ಮೊದಲ ಒರಟು ಜೋಡಣೆ, ಆದ ಕೂಡಲೇ, ಹಿನ್ನೆಲೆ ಸಂಗೀತ ಕೂರಿಸುವ ಮೊದಲೇ, ಅಕ್ಕನಿಗೂ ಚಿತ್ರದಲ್ಲಿರುವ ಉಳಿದವರಿಗೂ ತೋರಿಸಿ. ಒಂದು ಪ್ರೊಜೆಕ್ಟರು, ಒಂದು ಬಿಳಿ ಪಂಚೆ ಸಾಕು. ರೂಶ್ ಮತ್ತು ಸಮಾಜಶಾಸ್ತ್ರಜ್ಞ ಎಡ್ಗರ್ ಮೊರಾಂ ಪ್ಯಾರಿಸ್ಸಿನಲ್ಲಿ 1961ರ ‘ಕ್ರಾನಿಕಲ್ ಆಫ್ ಎ ಸಮ್ಮರ್’ಗಾಗಿ ಇದನ್ನೇ ಮಾಡಿ, ಆ ಚರ್ಚೆಯನ್ನೂ ಚಿತ್ರದೊಳಗೇ ಇಟ್ಟರು. ಭಾಗವಹಿಸಿದವರಲ್ಲಿ ಕೆಲವರು ಇದು ನಿಜ ಅಂದರು, ಕೆಲವರು ಬರೀ ನಾಟಕ ಅಂದರು, ಇನ್ನು ಕೆಲವರಿಗೆ ಮುಜುಗರವಾಯಿತು.

ನಿಮ್ಮ ಪ್ರದರ್ಶನದಲ್ಲೂ ದೂರುಗಳು ಬರುತ್ತವೆ. ಸೀರೆ ಹಳೆಯದಾಗಿತ್ತು, ಮೊದಲೇ ಹೇಳಿದ್ದರೆ ಬೇರೆ ಉಡುತ್ತಿದ್ದೆ ಎಂಬಂಥವಕ್ಕೆ ನಕ್ಕು ಸುಮ್ಮನಾಗಬಹುದು. ಆದರೆ ಸಾಲದ ಪುಸ್ತಕದಲ್ಲಿ ಯಾರದೋ ಹೆಸರು ಕಾಣುತ್ತಿದೆ ಎಂದರೆ, ನಾಳೆ ಆ ಮನೆಯವರಿಗೆ ಮುಖ ತೋರಿಸಬೇಕಾದವಳು ಅವಳು. ಆ ಷಾಟು ಎಷ್ಟೇ ಚೆನ್ನಾಗಿರಲಿ ತೆಗೆಯಿರಿ.

10. ಹೊರಗೆ ಬಿಡುವುದು

ಥಿಯೇಟರಿನಲ್ಲೋ ಸಾರ್ವಜನಿಕ ಸಭಾಂಗಣದಲ್ಲೋ ತೋರಿಸಲು 1952ರ ಸಿನಿಮಾಟೊಗ್ರಾಫ್ ಕಾಯ್ದೆಯಡಿ ಸೆನ್ಸಾರ್ ಸರ್ಟಿಫಿಕೇಟು ಬೇಕು. ಯೂಟ್ಯೂಬಿಗೆ ಹಾಕಲು ಬೇಕಿಲ್ಲ.

ಚಿತ್ರೋತ್ಸವದ ಅರ್ಜಿಯಲ್ಲಿ ಕಥಾಚಿತ್ರವೋ ಸಾಕ್ಷ್ಯಚಿತ್ರವೋ ಎಂದು ಕೇಳುವಲ್ಲಿ ಎಲ್ಲರೂ ತಡವರಿಸುತ್ತಾರೆ. ಬ್ರಿಟನ್ನಿನ ಮೇಲೆ ಅಣುಬಾಂಬು ಬಿದ್ದರೆ ಏನಾಗುತ್ತದೆ ಎಂದು ಪೀಟರ್ ವಾಟ್ಕಿನ್ಸ್ ಸುದ್ದಿಚಿತ್ರದ ಧಾಟಿಯಲ್ಲಿ ಕಲ್ಪಿಸಿದ ‘ದಿ ವಾರ್ ಗೇಮ್’ ಅನ್ನು ಬಿಬಿಸಿ 1965ರಲ್ಲಿ ತಾನೇ ಮಾಡಿಸಿ, ತಾನೇ ಪ್ರಸಾರ ತಡೆಹಿಡಿಯಿತು. ಟಿವಿಯಲ್ಲಿ ಬಂದದ್ದು 1985ರಲ್ಲಿ. ನಡೆಯದೇ ಇದ್ದ ಘಟನೆಯ ಆ ಚಿತ್ರಕ್ಕೆ ಸಿಕ್ಕಿದ್ದು ಅತ್ಯುತ್ತಮ ಸಾಕ್ಷ್ಯಚಿತ್ರದ ಆಸ್ಕರ್! ನೋಟ್‌ಬುಕ್ಕಿನ ಮೂರು ಕಾಲಮಿನಲ್ಲಿ ಯಾವುದು ಉದ್ದವಿದೆ ನೋಡಿ ಟಿಕ್ ಹಾಕಿ. ವಿವರಣೆಯ ಜಾಗದಲ್ಲಿ ಕಟ್ಟಿದ ಭಾಗ ಯಾವುದೆಂದು ಒಂದು ವಾಕ್ಯ ಬರೆಯಿರಿ. ಆಯ್ಕೆ ಸಮಿತಿಯವರಿಗೆ ಆಮೇಲೆ ಬೇರೆಲ್ಲಿಂದಲೋ ಗೊತ್ತಾಗುವುದಕ್ಕಿಂತ ಇದು ವಾಸಿ.

ಬಹುಮಾನದ ದುಡ್ಡು ಬಂದರೆ ಹಂಚಿಕೆ ಹೇಗೆ ಎಂಬುದನ್ನು ಒಪ್ಪಿಗೆ ಪತ್ರದಲ್ಲೇ ಬರೆದಿಟ್ಟಿರಿ. ಮೀರಾ ನಾಯರ್ 1988ರಲ್ಲಿ ಮುಂಬೈಯ ಬೀದಿ ಮಕ್ಕಳನ್ನಿಟ್ಟುಕೊಂಡು ‘ಸಲಾಂ ಬಾಂಬೆ’ ಮಾಡಿದ ಮೇಲೆ, ಆ ಚಿತ್ರದ ಬೆನ್ನಿಗೇ ಸಲಾಂ ಬಾಲಕ ಟ್ರಸ್ಟ್ ಹುಟ್ಟಿಕೊಂಡಿತು. ನಮ್ಮ ನಿಮ್ಮ ಚಿತ್ರಕ್ಕೆ ಟ್ರಸ್ಟು ಬೇಕಿಲ್ಲ. ಪೆನ್‌ಡ್ರೈವಿನಲ್ಲಿ ಪೂರ್ತಿ ಚಿತ್ರದ ಒಂದು ಪ್ರತಿ, ತೆಗೆದ ಒಳ್ಳೆಯ ಫೋಟೊ ಒಂದಕ್ಕೆ ಕಟ್ಟು ಹಾಕಿಸಿದ್ದು, ಒಪ್ಪಿದ ದುಡ್ಡಿನ ಬಾಕಿ, ಇವಿಷ್ಟನ್ನು ಯೂಟ್ಯೂಬಿನ ಲಿಂಕ್ ಎಲ್ಲರಿಗೂ ಕಳಿಸುವ ಮೊದಲು ಗಿರಣಿಗೆ ತಲುಪಿಸಿ. ಡಬ್ಬಿಯೊಳಗಿನ ರಾಗಿಗೆ ನೀವು ದುಡ್ಡು ಕೊಟ್ಟಿದ್ದೀರಿ ತಾನೇ? ಅದನ್ನು ಬೀಸಿಸಿಕೊಂಡು ಬನ್ನಿ.